ಚಿತ್ರ ಯಾರ ಗೋಡೆಯದು?

ಕಳೆದ ಸಂಚಿಕೆಯಲ್ಲಿ ರವಿವರ್ಮನ ಬಗ್ಗೆ ‘ಬಣ್ಣ ಅವರದು, ಸೀರೆ ನಮ್ಮದು’ ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಸುಮ್ಮನಿರಲು ನೀವು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಿಟಿಷರ ಕಾಲದ ಚಿತ್ರಗಳ ಕುರಿತೇ ಇವೆ. ಹಾಗಾಗಿ ಈ ಸಲ ಬಣ್ಣ ಕಲೆಸುವ ವಿಧಾನ, ಕುಂಚ ತೊಳೆಯುವ ವಿಧಾನ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ನಾನು ಇತಿಹಾಸದ ಪ್ರಾಧ್ಯಾಪಕನಲ್ಲ, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ.

ಮೇಷ್ಟ್ರೇ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಾದ ದರಿಯಾ ದೌಲತ್‌ನ ಗೋಡೆಯ ಯುದ್ಧಚಿತ್ರವನ್ನು ವಸಾಹತು ಕಾಲದ ಕಲೆ ಎಂದು ಪ್ರಬಂಧದಲ್ಲಿ ಬರೆದೆ. ಆಗ ಮೈಸೂರು ಬ್ರಿಟಿಷರ ವಶದಲ್ಲಿರಲಿಲ್ಲ, ಆದ್ದರಿಂದ ಅದು ಸೇರುವುದಿಲ್ಲ ಎಂದು ಅಂಕ ಕಡಿಮೆ ಮಾಡಿದರು. ಯಾರದು ಸರಿ?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಅಂಕದ ಜಗಳಕ್ಕೆ ನಾನು ಬರುವುದಿಲ್ಲ, ತಂಗಿ. ಆದರೆ ಆ ಗೋಡೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲು ಮಕ್ಕಳ ಗಮನವೆಲ್ಲ ಆನೆ, ಕುದುರೆಗಳನ್ನು ಎಣಿಸುವುದರಲ್ಲಿ. ಆಮೇಲೆ ಯಾರಾದರೂ ಒಬ್ಬ ಆ ಪ್ರಶ್ನೆ ಕೇಳಿಯೇ ಕೇಳುತ್ತಾನೆ: ‘ಸಾರ್, ಪಲ್ಲಕ್ಕಿಯಲ್ಲಿ ಕೂತವನು ಯಾಕೆ ಬೆರಳು ಕಚ್ಚಿಕೊಂಡಿದ್ದಾನೆ?’

ಪಲ್ಲಕ್ಕಿಯಲ್ಲಿರುವವನು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಅವನ ಪಡೆಯನ್ನು ಸುತ್ತುವರಿಯಿತು. ಕಂಪನಿ ಸರಕಾರ ಹಿಂದೂಸ್ಥಾನದಲ್ಲಿ ಅದುವರೆಗೆ ಅಂಥ ಸೋಲು ಕಂಡಿರಲಿಲ್ಲ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಮೈಸೂರಿನ ಕುದುರೆಗಳು ಎರಡೂ ಕಡೆಯಿಂದ ನುಗ್ಗುತ್ತಿವೆ. ಮೈಸೂರಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಈ ಗದ್ದಲದಲ್ಲಿ ಟಿಪ್ಪು ಮಾತ್ರ ಹೂ ಮೂಸುತ್ತಾ ಸವಾರಿ ಹೊರಟವನ ಹಾಗೆ ನಿರಾಳವಾಗಿದ್ದಾನೆ. ಪಾಶ್ಚಾತ್ಯ ಪರ್‌ಸ್ಪೆಕ್ಟಿವ್ ಇಲ್ಲಿಲ್ಲ. ದೂರದವನು ಚಿಕ್ಕವನಾಗುವುದಿಲ್ಲ, ಸೋತವನು ಚಿಕ್ಕವನಾಗುತ್ತಾನೆ.

ಅರಮನೆ ಕಟ್ಟಿದ್ದು 1784ರಲ್ಲಿ, ಟಿಪ್ಪುವಿಗೂ ಕಂಪನಿಗೂ ಮಂಗಳೂರು ಒಪ್ಪಂದವಾದ ವರ್ಷವೇ. ಅದಕ್ಕೆ ಆರು ವರ್ಷ ಮೊದಲು, 1778ರಲ್ಲಿ, ಲಂಡನ್ನಿನಲ್ಲಿ ಕಂಪನಿಯ ಕಚೇರಿಯ ಚಾವಣಿಗೆ ಸ್ಪಿರಿಡಿಯೋನೆ ರೋಮಾ ಎಂಬ ಕಲಾವಿದ ಇನ್ನೊಂದು ಚಿತ್ರ ಬರೆದಿದ್ದ. ಬ್ರಿಟಾನಿಯಾ ಎಂಬ ಬಿಳಿ ಹೆಂಗಸು ಬಂಡೆಯ ಮೇಲೆ ಎತ್ತರದಲ್ಲಿ ಕುಳಿತಿದ್ದಾಳೆ, ಭಾರತ ಕೆಳಗಿನಿಂದ ಮುತ್ತು, ಕಿರೀಟಗಳನ್ನು ಎತ್ತಿ ಕೊಡುತ್ತಿದೆ, ಚೀನಾ ಪಿಂಗಾಣಿಯನ್ನೂ ಚಹಾವನ್ನೂ ತಂದಿದೆ. ಕಸಿದುಕೊಂಡದ್ದನ್ನು ಕಾಣಿಕೆ ಎಂದು ಬರೆಯುವ ಕಲೆ ಅದು. ಶ್ರೀರಂಗಪಟ್ಟಣದ ಚಿತ್ರಗಾರ ಆ ಚಾವಣಿಯನ್ನು ಕಂಡವನಲ್ಲ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಮ್ಮ ಗೋಡೆ ಆ ಚಾವಣಿಗೆ ಕೊಟ್ಟ ಉತ್ತರದಂತೆಯೇ ಇದೆ. ‘ವಸಾಹತು ಕಾಲ’ ಎಂದರೆ ಕಂದಾಯ ಯಾರಿಗೆ ಸಲ್ಲುತ್ತಿತ್ತು ಎಂಬುದಷ್ಟೇ ಆಗಿದ್ದರೆ ನಿಮ್ಮ ಉಪನ್ಯಾಸಕರು ಸರಿ. ಸಾಮ್ರಾಜ್ಯವನ್ನು ಎದುರಿಗೆ ಕಂಡವರು ಅದನ್ನು ಹೇಗೆ ಬರೆದರು ಎಂಬುದು ಪ್ರಶ್ನೆಯಾದರೆ ನೀವು ಸರಿ. ನನಗೆ ಎರಡನೆಯ ಪ್ರಶ್ನೆಯಲ್ಲೇ ಆಸಕ್ತಿ.

ಆ ಗೋಡೆಯ ಮುಂದಿನ ಕಥೆ ಇನ್ನೂ ಸೊಗಸಾಗಿದೆ. ನಡುವೆ ಒಮ್ಮೆ ಚಿತ್ರಕ್ಕೆ ಸುಣ್ಣ ಬಳಿಯಲಾಗಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ಮನೆಯಲ್ಲಿ ವಾಸಕ್ಕೆ ಬಂದವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ತನ್ನವರ ಸೋಲಿನ ಚಿತ್ರವನ್ನು ಅವನು ಅಳಿಸಿ ಹಾಕಲಿಲ್ಲ, ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಇದು ಕಲಾಪ್ರೇಮವೋ, ಗೆದ್ದ ಮೇಲೆ ಬಂದ ಔದಾರ್ಯವೋ? ಬೇಟೆಗಾರ ಹುಲಿಯ ಹಲ್ಲನ್ನು ಉಜ್ಜಿ ಹೊಳಪಿಸಿ ಗೋಡೆಗೆ ತಗುಲಿಹಾಕುವುದನ್ನು ನೀವು ಕಂಡಿದ್ದರೆ ನನ್ನ ಅನುಮಾನ ನಿಮಗೆ ಅರ್ಥವಾಗುತ್ತದೆ.

ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಅಧಿಕಾರಿಯೂ ಇದ್ದ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ಅವನು ಸತ್ತ ಮೇಲೆ ಹೆಂಡತಿ ಬರೆಸಿದ ಚಿತ್ರವನ್ನು ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ: ಬೆಳಕಿನಲ್ಲಿ ನೆಟ್ಟಗೆ ನಿಂತ ಬೇರ್ಡ್, ಕೆಳಗೆ ಟಿಪ್ಪುವಿನ ಶವ. ಬೇರ್ಡ್‌ನ ಕಾಲ ಕೆಳಗೆ ನೆಲಮಾಳಿಗೆಯ ಕಂಬಿಯೊಂದನ್ನು ವಿಲ್ಕಿ ಬರೆದಿದ್ದಾನೆ. ಇವನು ಒಳಗಿದ್ದ ಸೆರೆ ಇದೇ ಎಂದು ನೋಡುವವರಿಗೆ ತಿಳಿಯಲಿ ಎಂದು. ವಿಲ್ಕಿ ಹಿಂದೂಸ್ಥಾನಕ್ಕೆ ಕಾಲಿಟ್ಟವನೇ ಅಲ್ಲ. ಇತ್ತ ಪಲ್ಲಕ್ಕಿಯ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕ ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ನ ಪಕ್ಕದಲ್ಲೇ ಇದೆ, ಹೋದಾಗ ನೋಡಿ ಬನ್ನಿ.

ರವಿವರ್ಮ ಪರಂಗಿಗಳ ನಕಲುಗಾರ ಎಂಬ ಧ್ವನಿಯಲ್ಲಿ ತಾವು ಬರೆದದ್ದು ಮನಸ್ಸಿಗೆ ನೋವು ಮಾಡಿತು. ನಮ್ಮ ದೇವರ ಮನೆಯ ಲಕ್ಷ್ಮಿ ಅವನ ಕೈಯದು. ಅವನು ದೇಶಭಕ್ತನೋ ಅಲ್ಲವೋ, ನೇರವಾಗಿ ಹೇಳಿ.
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಸ್ವಾಮಿ, ನಿಮ್ಮ ಲಕ್ಷ್ಮಿಗೆ ನನ್ನ ನಮಸ್ಕಾರ. ಆ ಸಾಲು ಅವಸರದ್ದು, ಒಪ್ಪುತ್ತೇನೆ. ನೇರ ಉತ್ತರ ಮಾತ್ರ ನನ್ನಲ್ಲಿಲ್ಲ.

ನಮ್ಮ ಮನೆಯಲ್ಲೂ ಒಂದು ಲಕ್ಷ್ಮಿ ಇತ್ತು. ಅಜ್ಜಿಯ ತವರಿನಿಂದ ಬಂದದ್ದು. ತಾವರೆಯ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಆನೆ. ಅಜ್ಜಿ ಆ ಚಿತ್ರದ ಸೀರೆಯ ಮೇಲೆ ಸಣ್ಣ ಸಣ್ಣ ಮಿಣುಕು ಚೂರುಗಳನ್ನು, ಜರಿಯ ಎಳೆಗಳನ್ನು ಅಂಟಿಸಿದ್ದರು. ದೀಪದ ಮಸಿಯಿಂದ ಆಕಾಶವೆಲ್ಲ ಕಂದಾಗಿತ್ತು. ಚೌಕಟ್ಟಿನ ಕೆಳತುದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ನಾನು ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಮೊದಲು ಓದಿದ್ದು ಪಾಠದ ಪುಸ್ತಕದಲ್ಲಲ್ಲ, ಅಲ್ಲಿ: ರವಿವರ್ಮ ಪ್ರೆಸ್, ಕಾರ್ಲಾ, ಲೋಣಾವಳ. ದೇವರಿಗೂ ಒಂದು ಊರಿನ ವಿಳಾಸವಿದೆ ಎಂದು ತಿಳಿದು ಬಹಳ ಖುಷಿಯಾಗಿತ್ತು.

ಈಗ ವಿಷಯಕ್ಕೆ ಬರೋಣ. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ಹುಡುಗ ತಿರುವಾಂಕೂರು ಆಸ್ಥಾನದಲ್ಲಿ ತೈಲವರ್ಣವನ್ನು ಕಲಿತದ್ದು ಹೆಚ್ಚಾಗಿ ಕಣ್ಣಿನಿಂದಲೇ. ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿಕೊಂಡು ಉಳಿದದ್ದನ್ನು ತಾನೇ ಸಾಧಿಸಿದ. 1873ರಲ್ಲಿ ವಿಯೆನ್ನಾದಲ್ಲಿ, 1893ರಲ್ಲಿ ಶಿಕಾಗೋದಲ್ಲಿ ಬಹುಮಾನ ಪಡೆದ. ಮದರಾಸಿನ ಗವರ್ನರನ ಭಾವಚಿತ್ರ ಬರೆದ. 1904ರಲ್ಲಿ ಸರಕಾರ ಅವನಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ಕೊಟ್ಟಿತು. ಇಷ್ಟನ್ನೇ ಓದಿದವರು ಅವನನ್ನು ಸಾಹೇಬರ ಮೆಚ್ಚಿನವನು ಎನ್ನುತ್ತಾರೆ.

ಆದರೆ ಮೈಸೂರಿಗೆ ಬನ್ನಿ. ಜಗನ್ಮೋಹನ ಅರಮನೆಯಲ್ಲಿ ಅವನ ‘ಗಾಯಕಿಯರ ಗುಂಪು’ ಇದೆ. ಹನ್ನೊಂದು ಹೆಂಗಸರು. ಒಬ್ಬೊಬ್ಬರ ಉಡುಗೆ ಒಂದೊಂದು ಸೀಮೆಯದು. ವೀಣೆ ಹಿಡಿದ ನಾಯರ್ ಹೆಣ್ಣು, ಮರಾಠಿ ಕಚ್ಚೆಯ ಹೆಣ್ಣು, ಮುಸಲ್ಮಾನ ಹೆಣ್ಣು. ಇಂಥ ಹನ್ನೊಂದು ಜನ ಅಂದಿನ ಯಾವ ಮನೆಯ ಜಗುಲಿಯಲ್ಲೂ ಒಟ್ಟಿಗೆ ಕುಳಿತಿರಲಾರರು. ಮೈಸೂರು ಮಹಾರಾಜರ ಗೋಡೆಗೆ ರವಿವರ್ಮ ಬರೆದದ್ದು ಇನ್ನೂ ಇಲ್ಲದ ಒಂದು ಕೋಣೆಯನ್ನು, ಅದಕ್ಕೆ ಆಮೇಲೆ ಭಾರತ ಎಂಬ ಹೆಸರು ಬಂತು. ಹಾಡುವವರ ಗುಂಪಾದರೂ ಯಾರ ಮುಖದಲ್ಲೂ ಸಂಗೀತ ಕಚೇರಿಯ ಉತ್ಸಾಹವಿಲ್ಲ ಎಂಬುದನ್ನು ಗಮನಿಸಿ. ಒಟ್ಟಿಗೆ ಕೂರಿಸಿದ್ದೇನೋ ಸರಿ, ಶ್ರುತಿ ಇನ್ನೂ ಸೇರಿಲ್ಲ. ಕಳೆ ಕೀಳುವವಳು, ನೀರು ಹೊರುವವಳು ಆ ಕೋಣೆಗೆ ಬಂದಿಲ್ಲ ಎಂಬ ತಕರಾರೂ ನನ್ನಲ್ಲಿದೆ. ಅದನ್ನು ಹಿಂದೆಗೆದುಕೊಳ್ಳುವುದಿಲ್ಲ.

1894ರಲ್ಲಿ ಮುಂಬಯಿಯಲ್ಲಿ ಅವನು ಕಲ್ಲಚ್ಚಿನ ಮುದ್ರಣಾಲಯ ಹೂಡಿದ. ಯಂತ್ರ ಜರ್ಮನಿಯದು, ಕುಶಲ ಕೆಲಸಗಾರರೂ ಅಲ್ಲಿಯವರು. ಆಮೇಲೆ ಅದು ಲೋಣಾವಳದ ಬಳಿಯ ಮಳವಳಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿಯಲ್ಲ, ಹಿಂದೊಮ್ಮೆ ಹಾಗೆ ತಿಳಿದು ಒಬ್ಬರು ನನ್ನೊಡನೆ ವಾದಿಸಿದ್ದರು). ಸಾಲದ ಹೊರೆ ತಾಳದೆ 1901ರಲ್ಲಿ ತನ್ನ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್‌ಗೇ ಮಾರಿದ. ವ್ಯಾಪಾರದಲ್ಲಿ ಸೋತ ಅವನ ಕಾಗದದ ದೇವರುಗಳು ಮಾತ್ರ ಊರೂರಿಗೆ ನಡೆದವು. ಗುಡಿಯ ಹೊಸ್ತಿಲು ದಾಟಲು ಅವಕಾಶವಿಲ್ಲದವರ ಮನೆಯ ಗೋಡೆಗೂ ಬಂದವು. ಹುಬ್ಬಳ್ಳಿಯ ಲಕ್ಷ್ಮಿಯೂ ನಮ್ಮ ಅಜ್ಜಿಯ ಲಕ್ಷ್ಮಿಯೂ ಕಾಶಿಯಲ್ಲಿನ ಯಾರದೋ ಮನೆಯ ಲಕ್ಷ್ಮಿಯೂ ಒಂದೇ ಮುಖದವರಾದದ್ದು ಆಗ. ಒಂದು ದೇಶದ ಜನ ಒಂದೇ ಚಿತ್ರದ ಮುಂದೆ ಕೈ ಮುಗಿಯತೊಡಗಿದರು. ಇದನ್ನು ದೇಶಭಕ್ತಿ ಎನ್ನುವಿರಾದರೆ ನಾನು ಜಗಳ ಮಾಡುವುದಿಲ್ಲ.

ಹಳೆಯ ಸಾಮಾನಿನ ಅಂಗಡಿಯಲ್ಲಿ ಅಭ್ರಕದ ಹಾಳೆಯ ಮೇಲೆ ಬರೆದ ಚಿಕ್ಕ ಚಿತ್ರಗಳು ಸಿಕ್ಕವು. ದರ್ಜಿ, ಕ್ಷೌರಿಕ, ಪಲ್ಲಕ್ಕಿ ಹೊರುವವರು. ಬೆಲೆ ಬಾಳುತ್ತವೆಯೇ?
— ಧಾರವಾಡದ ಓದುಗರು

ಬೆಲೆ ಕಟ್ಟುವುದು ನನ್ನ ಕಸುಬಲ್ಲ, ನೋಡದೆ ಅಸಲಿಯೋ ನಕಲಿಯೋ ಎಂದೂ ಹೇಳಲಾರೆ. ಇವನ್ನು ಕಂಪನಿ ಚಿತ್ರಗಳು ಎನ್ನುತ್ತಾರೆ. ನವಾಬರ ಆಶ್ರಯ ಒಣಗಿದ ಮೇಲೆ ನಮ್ಮ ಚಿತ್ರಗಾರರು ಸಾಹೇಬರಿಗಾಗಿ ಬರೆದವು. ಪಟ್ನಾ, ಮುರ್ಷಿದಾಬಾದ್, ತಿರುಚಿನಾಪಳ್ಳಿಗಳಲ್ಲಿ ಇಂಥವು ಕಂತೆ ಕಂತೆಯಾಗಿ ತಯಾರಾದವು. ಊರಿಗೆ ಮರಳುವ ದೊರೆ ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಿದ್ದ. ಗೋಡೆಯೂ ಬೇಕಿಲ್ಲ.

ನಿಮ್ಮ ದರ್ಜಿಯ ಹಿಂದೆ ಮನೆಯಿದೆಯೇ, ಬೀದಿಯಿದೆಯೇ ನೋಡಿ. ಬಹುಶಃ ಖಾಲಿ ಇರುತ್ತದೆ. ಒಂದಿಷ್ಟು ನೆಲ, ಒಂದು ನೆರಳು, ಅಷ್ಟೇ. ಇವನ ಕಸುಬು ಗೊತ್ತು, ಹೆಸರು ಗೊತ್ತಿಲ್ಲ. ಒಂದು ಜನಾಂಗವನ್ನು ಚಿಟ್ಟೆಯಂತೆ ಪಿನ್ನು ಚುಚ್ಚಿ ಜೋಡಿಸಿದ ಆಲ್ಬಂ ಅದು. ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶ ಇಂಪೆಯ ಹೆಂಡತಿ 1777ರಿಂದ ಕೆಲವು ವರ್ಷ ತನ್ನ ತೋಟದ ಹಕ್ಕಿ, ಪ್ರಾಣಿಗಳ ಚಿತ್ರ ಬರೆಸಿದಳು. ಬರೆದವರಲ್ಲಿ ಮುಖ್ಯನಾದವನು ಪಟ್ನಾದ ಶೇಖ್ ಜೈನುದ್ದೀನ್. ಮೊಗಲ್ ಕುಂಚ, ಇಂಗ್ಲೆಂಡಿನ ಕಾಗದ. ಅವುಗಳ ಮೇಲೆ ಅವನ ಹೆಸರಿದೆ. ಹಕ್ಕಿಗೂ ಹೆಸರಿದೆ, ಬರೆದವನಿಗೂ ಹೆಸರಿದೆ. ಅಭ್ರಕದ ದರ್ಜಿಗೆ ಆ ಅದೃಷ್ಟವಿಲ್ಲ. ಕೊಂಡರೆ ಜೋಪಾನವಾಗಿ ಇಟ್ಟುಕೊಳ್ಳಿ, ಅಭ್ರಕ ಪದರ ಪದರವಾಗಿ ಏಳುತ್ತದೆ.

ಶಾಲೆಯ ನಾಟಕದಲ್ಲಿ ಭಾರತಮಾತೆ ಎಂದರೆ ಸಿಂಹ, ಧ್ವಜ, ಹಿಂದೆ ಭೂಪಟ. ಅವನೀಂದ್ರನಾಥ ಠಾಕೂರರ ಚಿತ್ರ ತೋರಿಸಿದರೆ ಮಕ್ಕಳು ‘ಇವಳು ಯಾರೋ ಸನ್ಯಾಸಿನಿ’ ಎಂದರು. ಅವರಿಗೇನು ಹೇಳಲಿ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಮಕ್ಕಳು ಸರಿಯಾಗಿಯೇ ನೋಡಿದ್ದಾರೆ, ಮೇಡಂ. ಅವಳು ಸನ್ಯಾಸಿನಿಯೇ. ಕಾವಿ ಬಟ್ಟೆ, ನಾಲ್ಕು ಕೈ. ಕೈಗಳಲ್ಲಿ ಆಯುಧವಿಲ್ಲ: ಭತ್ತದ ತೆನೆ, ಬಿಳಿ ಬಟ್ಟೆ, ಓಲೆಯ ಪುಸ್ತಕ, ಜಪಮಾಲೆ. ಅನ್ನ, ವಸ್ತ್ರ, ವಿದ್ಯೆ, ದೀಕ್ಷೆ. 1905ರಲ್ಲಿ ವೈಸರಾಯ್ ಕರ್ಜನ್ ಬಂಗಾಳವನ್ನು ಎರಡು ಮಾಡಿದಾಗಿನ ಚಿತ್ರ ಅದು. ಮೊದಲು ಅವಳನ್ನು ಬಂಗಮಾತೆ ಎಂದೇ ಕಲ್ಪಿಸಿದ್ದರು. ಸೀಮೆ ಬಟ್ಟೆಯನ್ನು ಬೀದಿಯಲ್ಲಿ ಸುಡುತ್ತಿದ್ದ ದಿನಗಳಲ್ಲಿ ಒಂದು ಕೈಗೆ ಬಿಳಿ ವಸ್ತ್ರ ಕೊಟ್ಟದ್ದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಖಡ್ಗಕ್ಕಿಂತ ಚುರುಕಾದ ಮಾತು ಅದು.

ಬಣ್ಣದ ಬಗೆಯನ್ನೂ ತೋರಿಸಿ. ತೆಳು ಬಣ್ಣ ಹಚ್ಚಿ, ಕಾಗದವನ್ನು ನೀರಿನಲ್ಲಿ ತೋಯಿಸಿ, ಮತ್ತೆ ಹಚ್ಚಿ ಮಂಜಿನಂತೆ ಮಾಡುವ ವಾಶ್ ಪದ್ಧತಿ. ಅದರ ದಾರಿ ಸಿಕ್ಕಿದ್ದು 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಇವರಿಂದ. ಅವನೀಂದ್ರರನ್ನು ಯುರೋಪಿನ ತೈಲವರ್ಣ ಬಿಟ್ಟು ಮೊಗಲ್, ರಜಪೂತ ಚಿತ್ರಗಳತ್ತ ತಿರುಗಿಸಿದವರಲ್ಲಿ ಕಲ್ಕತ್ತೆಯ ಸರಕಾರಿ ಕಲಾಶಾಲೆಯ ಇಂಗ್ಲಿಷ್ ಪ್ರಿನ್ಸಿಪಾಲ್ ಹ್ಯಾವೆಲ್ ಮುಖ್ಯ. ಹ್ಯಾವೆಲ್ ಪಾಠಕ್ರಮವನ್ನು ಭಾರತೀಯವಾಗಿಸಲು ಹೊರಟಾಗ ಮುಷ್ಕರ ಹೂಡಿದವರು ನಮ್ಮ ವಿದ್ಯಾರ್ಥಿಗಳೇ. ಯುರೋಪಿನ ದೊಡ್ಡ ಕಲೆಯನ್ನು ನಮಗೆ ತಪ್ಪಿಸುವ ಹುನ್ನಾರವಿದು ಎಂದು ಗುಮಾನಿಪಟ್ಟರು. ಆ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿನ್ನದು ಯಾವುದು ಎಂದು ನಿನ್ನನ್ನು ಆಳುವವನೇ ಬಂದು ಹೇಳಿದರೆ ಯಾರಿಗಾದರೂ ಅನುಮಾನ ಬಾರದೇ?

ಕೇದಾರನಾಥದಿಂದ ಕನ್ಯಾಕುಮಾರಿಯವರೆಗೆ ಪ್ರತಿ ರೈತನ ಗುಡಿಸಲಿನ ಗೋಡೆಯಲ್ಲೂ ಈ ಚಿತ್ರ ಇರುವಂತೆ ಮುದ್ರಿಸಿ ಹಂಚಬೇಕು ಎಂದು ಸೋದರಿ ನಿವೇದಿತಾ ಆಸೆಪಟ್ಟಿದ್ದರು. ಗೋಡೆಗೆ ಬಂದದ್ದು ಇವಳಲ್ಲ. ಮಂಜಿನಲ್ಲಿ ಕರಗಿದ ಈ ತಾಯಿ ಪಂಡಿತರ ಮನೆಯಲ್ಲೇ ಉಳಿದಳು. ಕ್ಯಾಲೆಂಡರಿಗೆ ಸಿಂಹ, ಭೂಪಟದವಳು ಬಂದಳು, ರವಿವರ್ಮನ ಅಚ್ಚಿನ ಮನೆಯ ಒಕ್ಕಲು ಅವಳು. ನಿಮ್ಮ ನಾಟಕದಲ್ಲಿ ಒಂದು ಸಲ ಸಿಂಹಕ್ಕೆ ರಜೆ ಕೊಟ್ಟು ನೋಡಿ.

ಬಂಗಾಳದವರು ಭಾರತಮಾತೆಯನ್ನು ಬರೆದರು. ನಮ್ಮ ಕೆ. ವೆಂಕಟಪ್ಪನವರು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಊಟಿಯ ಬೆಟ್ಟ ಬರೆಯುತ್ತಾ ಕುಳಿತರಲ್ಲ?
— ಬೆಂಗಳೂರಿನ ಓದುಗರು

ಈ ‘ಕುಳಿತರಲ್ಲ’ ಎಂಬ ಮಾತು ನನಗೆ ಹಿಡಿಸಲಿಲ್ಲ. ಅವರು ಕುಳಿತ ಹಾಗೆ ನಾವು ಯಾರೂ ಕುಳಿತಿಲ್ಲ.

ವೆಂಕಟಪ್ಪನವರು (1886–1965) ಮೈಸೂರಿನ ಚಿತ್ರಗಾರರ ಮನೆತನದವರು. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿ. ನಿವೇದಿತಾ ಮತ್ತು ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಬರೆದು 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಪುಸ್ತಕದಲ್ಲಿ ಇಬ್ಬರ ಚಿತ್ರಗಳೂ ಇವೆ. ಊರಿಗೆ ಮರಳಿ ಬಂದವರು ಮದುವೆಯಾಗಲಿಲ್ಲ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಚಿತ್ರ ಬಿಟ್ಟು ವೀಣೆಯ ಹಿಂದೆ ಹುಚ್ಚನಾದ ತಮ್ಮನ್ನೇ ಹಾಸ್ಯ ಮಾಡಿಕೊಂಡು ಒಂದು ಚಿತ್ರವನ್ನೂ ಬರೆದರು.

ಊಟಿ ಎಂದರೆ ಮದರಾಸ್ ಸರಕಾರ ಬೇಸಿಗೆಯಲ್ಲಿ ಬಿಡಾರ ಹೂಡುತ್ತಿದ್ದ ಜಾಗ. ದೊರೆಗಳ ಕ್ಲಬ್ಬು, ಕುದುರೆ ಪಂದ್ಯ, ಗುಲಾಬಿ ತೋಟ. ವೆಂಕಟಪ್ಪನವರ ಊಟಿಯಲ್ಲಿ ಮಂಜಿದೆ, ಬೆಳದಿಂಗಳಿದೆ, ಕೆರೆಯಿದೆ, ಮಳೆಮೋಡವಿದೆ. ನಾನು ಕಂಡ ಊಟಿಯ ಚಿತ್ರಗಳಲ್ಲಿ ಒಬ್ಬ ಸಾಹೇಬನೂ ಇಲ್ಲ. ಪ್ರತಿಭಟನೆ ಎಂದು ಅವರು ಹೇಳಿಕೊಂಡವರಲ್ಲ, ನಾನೂ ಅವರ ಬಾಯಿಗೆ ಆ ಮಾತು ತುರುಕುವುದಿಲ್ಲ. ಆದರೆ ಬೆಟ್ಟವನ್ನು ದೊರೆಯ ಬಿಡಾರವೆಂದು ನೋಡುವುದಕ್ಕೂ ಬೆಟ್ಟವೆಂದು ನೋಡುವುದಕ್ಕೂ ಅಂತರವಿದೆ. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ಬೆಂಗಳೂರಿನಲ್ಲೇ ಇದ್ದೀರಿ, ಒಂದು ಬೆಳಿಗ್ಗೆ ಹೋಗಿ ಆ ಮೋಡಗಳ ಮುಂದೆ ಹತ್ತು ನಿಮಿಷ ನಿಂತು ಆಮೇಲೆ ಮತ್ತೊಂದು ಪತ್ರ ಬರೆಯಿರಿ.

ಸಂವಿಧಾನದಲ್ಲಿ ಟಿಪ್ಪುವಿನ ಚಿತ್ರವಿದೆ ಎನ್ನುತ್ತಾರೆ. ನಿಜವೇ? ನನ್ನ ಬಳಿಯ ಪ್ರತಿಯಲ್ಲಿ ಇಲ್ಲ.
— ವಕೀಲರು, ಮಂಡ್ಯ

ನಿಜ. ನಿಮ್ಮದು ಸಾಮಾನ್ಯ ಮುದ್ರಣ. ಕೈಬರಹದ ಮೂಲಪ್ರತಿಯನ್ನು ಅಲಂಕರಿಸಿದವರು ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಅವರ ಶಿಷ್ಯರು. 1938ರಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಹೇಳಿದರೆಂದು ಮದ್ದಳೆಯವನು, ಚಮ್ಮಾರ, ಕುಟ್ಟುವ ಹೆಂಗಸು, ಎತ್ತಿನವನು ಎಲ್ಲರನ್ನೂ ಮಣ್ಣಿನ ಬಣ್ಣದಲ್ಲಿ ಬರೆದು, ಹಳ್ಳಿಯ ಜನ ಹಾದು ಹೋಗುವ ಕಡೆ ತೂಗುಹಾಕಿದ್ದರಲ್ಲ, ಅವರೇ. ರವಿವರ್ಮನ ಕೋಣೆಗೆ ಬಾರದ ಜನ ಬಂದದ್ದು ಅಲ್ಲಿಗೆ.

ಮೂಲಪ್ರತಿಯ 16ನೆಯ ಭಾಗವನ್ನು ತೆರೆಯಿರಿ. ಟಿಪ್ಪು ಮತ್ತು ಝಾನ್ಸಿಯ ಲಕ್ಷ್ಮೀಬಾಯಿ ಒಂದೇ ಪುಟದಲ್ಲಿದ್ದಾರೆ. ಮೂಲದ ಅಚ್ಚುಪ್ರತಿಗಳು ಡೆಹ್ರಾಡೂನಿನಲ್ಲಿ ತಯಾರಾದವು, ದೊಡ್ಡ ಗ್ರಂಥಾಲಯಗಳಲ್ಲಿ ಸಿಗಬಹುದು. ಸಿಕ್ಕರೆ ಆ ಚಿತ್ರದ ಕೆಳಗೆ ಯಾವ ವಿಧಿಗಳು ಬರುತ್ತವೆ ಎಂಬುದನ್ನೂ ಓದಿ, ವಕೀಲರಾದ ನಿಮಗೆ ಅದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.